‘ಅಕ್ಕಾ’ ಅಂದರೆ ಖಾಲಿ ಕೈ

ನಾನು ಚಿಕ್ಕವನಿದ್ದಾಗ, ಆಟ ನಡೆಯುವ ಹೊತ್ತಿನಲ್ಲಿ ಅಕ್ಕನನ್ನು ‘ಅಕ್ಕಾ’ ಎಂದು ಕರೆಯುವಂತಿರಲಿಲ್ಲ. ಮನೆಯಲ್ಲಿ ಕರೆಯಬಹುದಿತ್ತು, ಬೀದಿಯಲ್ಲಿ ಕರೆಯಬಹುದಿತ್ತು. ಅವಳು ಕಣ್ಣು ಕಟ್ಟಿಕೊಂಡು ರಂಗದ ಮೇಲೆ ಕುಳಿತಾಗ ಮಾತ್ರ ಆ ಮಾತಿಗೆ ಬೇರೆಯೇ ಅರ್ಥವಿತ್ತು. ಅದೇನೆಂದು ಮುಂದೆ ಹೇಳುತ್ತೇನೆ. ಮಕ್ಕಳೇ, ಪ್ರತಿ ಶನಿವಾರ ಸಂಜೆ ನೀವಿಬ್ಬರೂ ಹುಬ್ಬಳ್ಳಿ ಅಜ್ಜಿಯ ಜೊತೆ ಫೋನಿನಲ್ಲಿ ಕೂಗಿ ಕೂಗಿ ಮಾತಾಡುತ್ತೀರಲ್ಲ, ಆ ಅಜ್ಜಿಯೇ ಈ ಅಕ್ಕ.

ಆಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ಅವ್ವ ತೀರಿಕೊಂಡಿದ್ದಳು. ಅಪ್ಪ ನಮ್ಮಿಬ್ಬರನ್ನು ಕಟ್ಟಿಕೊಂಡು ವಿವಿಧ ವಿನೋದಾವಳಿಯ ಒಂದು ಕಂಪನಿಯಲ್ಲಿದ್ದ. ವಿನೋದಾವಳಿ ಎಂದರೆ ಪೂರಾ ನಾಟಕವಲ್ಲ, ಪೂರಾ ಸರ್ಕಸ್ಸೂ ಅಲ್ಲ. ಒಂದರ ಹಿಂದೊಂದು ಹನ್ನೆರಡು ಐಟಂ. ಒಬ್ಬ ಒಂದೇ ಚಕ್ರದ ಸೈಕಲ್ ತುಳಿಯುತ್ತಿದ್ದ. ಒಬ್ಬ ಬಾಯಲ್ಲೇ ರೈಲು ಬಿಡುತ್ತಿದ್ದ, ಸುಳ್ಳಿನ ರೈಲಲ್ಲ, ಸೀಟಿ ಹೊಡೆದು ಸೇತುವೆ ದಾಟುವ ರೈಲು. ಒಬ್ಬಾಕೆ ತಲೆಯ ಮೇಲೆ ಏಳು ಕೊಡ ಇಟ್ಟುಕೊಂಡು ಕುಣಿಯುತ್ತಿದ್ದಳು. ಎಷ್ಟು ಸಲ ಅಂದರೆ ಅಷ್ಟು ಸಲ ಬೊಗಳುವ ಒಂದು ಕಂದು ನಾಯಿಯಿತ್ತು. ಊರೂರು ತಿರುಗುತ್ತ ಆ ವರ್ಷ ಗದಗಿಗೆ ಬಂದಿದ್ದೆವು. ಅಲ್ಲಿಯ ಥಿಯೇಟರಿಗೆ ಗೋಡೆಯೂ ತಗಡು, ಮಾಡೂ ತಗಡು. ಮಧ್ಯಾಹ್ನದ ಆಟವಿದ್ದ ದಿನ ಒಳಗೆ ಕುಳಿತರೆ ಕಾದ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗಾಗುತ್ತಿತ್ತು. ಬೀಡಿಯ ಹೊಗೆ, ಬೆವರು, ಹುರಿದ ಶೇಂಗಾ, ಎಲ್ಲ ಸೇರಿದ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿರುತ್ತಿತ್ತು.

ನಮ್ಮದು ಒಂಬತ್ತನೆಯ ಐಟಂ. ಅಪ್ಪ ಗೋಧಿ ಹಿಟ್ಟಿನ ಕಣಕವನ್ನು ಎರಡು ಉಂಡೆ ಮಾಡಿ ಅಕ್ಕನ ಕಣ್ಣಿನ ಮೇಲೆ ಒತ್ತುತ್ತಿದ್ದ. ಅದರ ಮೇಲೆ ಕರೀ ಅರಿವೆ, ನಾಲ್ಕು ಸುತ್ತು. ಅವಳು ರಂಗದ ನಡುವೆ ಒಂದು ಸ್ಟೂಲಿನ ಮೇಲೆ ಕುಳಿತಿರುತ್ತಿದ್ದಳು. ನಾನು ಕೆಳಗೆ ಮಂದಿಯ ನಡುವೆ ನಡೆದು, ಅವರು ಕೊಟ್ಟ ವಸ್ತುವನ್ನು ಕೈಯಲ್ಲಿ ಹಿಡಿದು ಕೂಗುತ್ತಿದ್ದೆ. ಅದೇನೆಂದು ಅಕ್ಕ ಹೇಳುತ್ತಿದ್ದಳು. ಮಂದಿ ದೇವಿ ಮೈಮೇಲೆ ಬಂದಳೇನೋ ಎಂಬಂತೆ ನೋಡುತ್ತಿದ್ದರು. ಕೆಲವು ಮುದುಕಿಯರು ಕೈ ಮುಗಿಯುತ್ತಿದ್ದರು.

ಗುಟ್ಟೆಲ್ಲ ನನ್ನ ಪ್ರಶ್ನೆಯಲ್ಲಿತ್ತು. ನಾನು ಬರೀ “ಹೇಳು” ಅಂದರೆ ಗಡಿಯಾರ. “ಲಗೂ ಹೇಳು” ಅಂದರೆ ಉಂಗುರ. “ಹೇಳು ನೋಡೂಣು” ಅಂದರೆ ಚಷ್ಮಾ. “ಚಂದಗೆ ಹೇಳು” ಅಂದರೆ ಪೆನ್ನು. ಹೀಗೆ ನಲವತ್ತು ಮಾತು ಅಪ್ಪ ನಮಗೆ ಕಲಿಸಿದ್ದ. ಮೊದಲು ಕೇಳುತ್ತಿದ್ದವನು ಅವನೇ. ಗಂಟಲು ಕೆಟ್ಟ ಮೇಲೆ ಆ ಕೆಲಸ ನನಗೆ ಬಂತು. ಕೆಲವು ಸಲ ತುಂಟರು ಏನನ್ನೂ ಹಿಡಿಯದೆ ಬರೀ ಮುಷ್ಟಿ ಚಾಚುತ್ತಿದ್ದರು, ಮೋಸ ಬಯಲು ಮಾಡಲಿಕ್ಕೆ. ಅದಕ್ಕಾಗಿ ಒಂದು ಮಾತು ತೆಗೆದಿಟ್ಟಿದ್ದೆವು. “ಅಕ್ಕಾ, ಹೇಳು” ಅಂದರೆ, ಕೈ ಖಾಲಿ ಐತಿ.

ಅಕ್ಕನಿಗೆ ಆ ಸ್ಟೂಲು ಸಿಂಹಾಸನವಾಗಿತ್ತು. ಮನೆಯಲ್ಲಿ ಅವಳು ಒಲೆ ಊದುತ್ತಿದ್ದಳು, ಅಪ್ಪನ ಅಂಗಿ ಒಗೆಯುತ್ತಿದ್ದಳು, ನನ್ನ ಹೇನು ಹೆಕ್ಕುತ್ತಿದ್ದಳು. ಸ್ಟೂಲಿನ ಮೇಲೆ ಮಾತ್ರ ಐದು ನೂರು ಮಂದಿ ಅವಳ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಹಾಗಲ್ಲ. ನನಗೆ ಆ ತಗಡಿನ ಥಿಯೇಟರು ಬೋನಾಗಿತ್ತು. ಮೂರು ಊರುಗಳಲ್ಲಿ ನಾನು ಶಾಲೆಯ ಮೂರನೇ ಇಯತ್ತೆಗೆ ಸೇರಿದ್ದೆ, ಮೂರೂ ಕಡೆ ಪರೀಕ್ಷೆಗೆ ಮೊದಲೇ ಕಂಪನಿ ಡೇರೆ ಕಿತ್ತಿತ್ತು. ಗದಗಿನ ಮಾಸ್ತರರು ನನಗೆ ಭಾಗಾಕಾರ ಕಲಿಸಿ, “ಪರೀಕ್ಷಾ ತನಕ ಇದ್ರ ನಾಲ್ಕನೇದಕ್ಕ ಹಾಕ್ತೀನಿ” ಅಂದಿದ್ದರು. ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಿತ್ತು. ಆಗ ಕಂಪನಿಯ ಮಾಲೀಕರು ಬಂದರು.

ಮಾಲೀಕರು ವರ್ಷಕ್ಕೊಮ್ಮೆ ಬಂದು ಐಟಂಗಳ ಪರೀಕ್ಷೆ ಮಾಡುತ್ತಿದ್ದರು. ಕೊನೆಯ ಸಾಲಿನಲ್ಲಿ ಬೆತ್ತದ ಕುರ್ಚಿ ಹಾಕಿಸಿ, ತೊಡೆಯ ಮೇಲೆ ಐಟಂಗಳ ಪಟ್ಟಿ ಇಟ್ಟುಕೊಂಡು, ನೇರಳೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ತಾಗಿಸಿ ಏನೋ ಬರೆಯುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಅವರ ನಾಲಿಗೆ ಜಂಬುನೇರಳೆ ತಿಂದಂತಾಗಿರುತ್ತಿತ್ತು. ಐಟಂ ಇರಬೇಕೆಂದರೆ ಅದರ ಸುತ್ತ ಒಂದು ಸುತ್ತು. ಬೇಡವೆಂದರೆ ಅಡ್ಡ ಗೆರೆ. ಆ ಸಲ ಅವರು ಎಲ್ಲರನ್ನೂ ಕೂಡಿಸಿ ಹೇಳಿದರು: “ಹನ್ನೆರಡು ಐಟಂ ಅದಾವ. ಆರು ಮುಂಬೈಗೆ ಒಯ್ತೀನಿ. ಉಳಿದವರು ನಿಮ್ಮ ಹಾದಿ ನೋಡ್ಕೋರಿ.”

ಮರುದಿನವೇ ಪರೀಕ್ಷೆಯ ಆಟ. ಬೆಳಿಗ್ಗೆ ಅಕ್ಕ ಕಣಕ ಕಲೆಸುತ್ತ ಕುಳಿತಿದ್ದಳು, ಎರಡು ಉಂಡೆ ಕಣ್ಣಿಗೆ, ಉಳಿದದ್ದು ಚಪಾತಿಗೆ.

“ತಮ್ಮಾ, ಮುಂಬೈಗೆ ಹೋದ್ರ ಸಮುದ್ರ ನೋಡೂಣು,” ಅಂದಳು.

“ನೀ ಕಣ್ಣು ಕಟ್ಕೊಂಡು ಕೂತಿರ್ತಿ. ಏನ್ ನೋಡ್ತಿ?”

“ನೀ ಹೇಳ್ತೀಯಲ್ಲ.”

ಮುಂಬೈ ಅಂದರೆ ನಾಲ್ಕನೇ ಊರಿನ ಮೂರನೇ ಇಯತ್ತೆ, ಅಷ್ಟೇ ನನ್ನ ತಲೆಯಲ್ಲಿತ್ತು.

ಆಟ ಶುರುವಾಯಿತು. ಪರದೆಯ ಸಂದಿನಿಂದ ನಾನು ಮಾಲೀಕರ ಪೆನ್ಸಿಲನ್ನೇ ನೋಡುತ್ತಿದ್ದೆ. ಸೈಕಲ್ಲಿನವನು ಎರಡು ಸಲ ಬಿದ್ದ, ಗೆರೆ. ರೈಲಿನವನಿಗೆ ಜನ “ಒನ್ಸ್ ಮೋರ್” ಎಂದು ಕೂಗಿದರು; ಸುತ್ತು. ನಾಯಿಗೂ ಸುತ್ತು ಬಿತ್ತು. ನಮ್ಮ ಸರದಿ ಬಂದಾಗ ಐದು ಸುತ್ತು ಆಗಿದ್ದವು ಎಂದು ಯಾರೋ ಎಣಿಸಿ ಪಿಸುಗುಟ್ಟಿದರು. ಅಪ್ಪ ರೆಪ್ಪೆಗೆ ಕಣಕ ಒತ್ತುವಾಗ ಅಕ್ಕ ನಗುತ್ತಿದ್ದಳು, ತಣ್ಣಗೆ ಐತಿ ಅಂದಳು.

ಮೊದಲ ನಾಲ್ಕು ವಸ್ತು ಸರಿಯಾಗಿ ನಡೆದವು. ಚಷ್ಮಾ, ಪೆನ್ನು, ಎಲೆಯಡಿಕೆ ಚೀಲ, ಒಂದು ಕೀಲಿಕೈ. ಅಕ್ಕನ ದನಿ ಗಂಟೆ ಬಾರಿಸಿದ ಹಾಗಿತ್ತು. ಆಮೇಲೆ ಮಾಲೀಕರು ಬೆರಳಿನಿಂದ ನನ್ನನ್ನು ಕರೆದರು. ನಾನು ಕೊನೆಯ ಸಾಲಿಗೆ ಹೋದೆ. ಅವರು ಮುಷ್ಟಿ ಚಾಚಿ, ನನಗೊಬ್ಬನಿಗೇ ಕಾಣುವಂತೆ ಬೆರಳು ಬಿಡಿಸಿದರು. ಒಳಗೆ ಏನೂ ಇರಲಿಲ್ಲ. ಮತ್ತೆ ಮುಚ್ಚಿದರು.

‘ಅಕ್ಕಾ’ ಅನ್ನಬೇಕಿತ್ತು. ಎರಡು ಅಕ್ಷರದ ಮಾತು. ಥಿಯೇಟರು ಸ್ತಬ್ಧವಾಗಿತ್ತು, ತಗಡು ಮಾತ್ರ ಬಿಸಿಲಿಗೆ ಚಟಚಟ ಅನ್ನುತ್ತಿತ್ತು. ದೂರದಲ್ಲಿ ಅಕ್ಕ ನನ್ನ ದನಿ ಬರುವ ಕಡೆಗೆ ಮುಖ ಮಾಡಿ ಕಾಯುತ್ತಿದ್ದಳು.

ಬೇಗ ಹೇಳು ಎನ್ನುವ ಮಾತನ್ನೇ ಎಳೆದು ಎಳೆದು, “ಲಗೂ ಹೇಳು,” ಅಂದೆ.

ಅವಳು ತುಸು ತಡೆದಳು. ಆಮೇಲೆ, “ಉಂಗುರ,” ಅಂದಳು.

ಮಾಲೀಕರು ಎದ್ದು ನಿಂತು ಖಾಲಿ ಅಂಗೈಯನ್ನು ಎಲ್ಲರಿಗೂ ತೋರಿಸಿದರು. ಮಂದಿ ಹೋ ಎಂದು ನಕ್ಕರು. ಅಕ್ಕನಿಗೆ ನಗೆ ಕೇಳುತ್ತಿತ್ತು, ಯಾಕೆಂದು ಕಾಣುತ್ತಿರಲಿಲ್ಲ. ಅವಳು ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮಾಲೀಕರು ಕೆಟ್ಟವರಲ್ಲ. “ಇರಲಿ, ಇನ್ನೊಮ್ಮೆ ಕೇಳೋ,” ಎಂದು ತಮ್ಮ ಗಡಿಯಾರವನ್ನೇ ಬಿಚ್ಚಿ ನನ್ನ ಕೈಗಿಟ್ಟರು. ಬರೀ “ಹೇಳು” ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನನಗೆ ಬಾಯಿ ಬರಲಿಲ್ಲ. ಬೇಕೆಂದೇ ಸುಮ್ಮನಿದ್ದೆನೋ, ಹೆದರಿ ಸುಮ್ಮನಾದೆನೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಗಡಿಯಾರ ಅಂಗೈಯಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿತ್ತು. ಹೋಗಲು ಎಲ್ಲೂ ದಾರಿಯಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅಕ್ಕ, “ಗೊತ್ತಿಲ್ಲ,” ಅಂದಳು. ಆ ಸ್ಟೂಲಿನ ಮೇಲೆ ಕುಳಿತು ಅವಳು ಎಂದೂ ಆಡದಿದ್ದ ಮಾತು ಅದು.

ಪರದೆಯ ಹಿಂದೆ ಅಪ್ಪ ಅರಿವೆ ಬಿಚ್ಚುತ್ತ ಅವಳನ್ನೇ ಬೈದ. “ಕಿವಿ ಎಲ್ಲಿಟ್ಟಿದ್ದಿ? ಅವ ಏನ್ ಹೇಳಿದ, ನೀ ಏನ್ ಹೇಳಿದಿ?” ಅಪ್ಪ ಹಾರ್ಮೋನಿಯಂ ಹತ್ತಿರ ಇದ್ದುದರಿಂದ ನನ್ನ ಮಾತು ಅವನಿಗೆ ಸರಿಯಾಗಿ ಕೇಳಿರಲಿಲ್ಲ. ಅಕ್ಕ ರೆಪ್ಪೆಗೆ ಅಂಟಿದ ಕಣಕವನ್ನು ಚೂರು ಚೂರಾಗಿ ಬಿಡಿಸಿಕೊಳ್ಳುತ್ತಿದ್ದಳು. ಕೆಂಪಾದ ಕಣ್ಣಿನಿಂದ ನನ್ನ ಕಡೆ ಒಮ್ಮೆ ನೋಡಿದಳು.

“ಕೇಳಸಲಿಲ್ಲಪ್ಪಾ,” ಅಂದಳು.

ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಮಾಲೀಕರು ಪಟ್ಟಿಯನ್ನು ಎಲ್ಲರ ಮುಂದೆ ಓದಿದರು. “ಸೈಕಲ್ಲು: ಚಕ್ರ ಒಂದು, ಬೀಳೂದು ಎರಡು. ನಾಯಿ: ನಾಯಿ ಚಲೋ, ಅದರ ಯಜಮಾನ ಸುಮಾರು.” ಎಲ್ಲರೂ ನಕ್ಕರು, ನಾಯಿಯ ಯಜಮಾನನೂ ನಕ್ಕ. ಆಮೇಲೆ ನಮ್ಮದು; ಅಕ್ಕ ಅಪ್ಪನಿಗೆ ಹೇಳಿದ ಮಾತು ಅವರ ತನಕ ಹೋಗಿತ್ತು. “ಕಣ್ಣು ಕಟ್ಟಿದ ಹುಡುಗಿ: ದನಿ ಚಲೋ, ಧೈರ್ಯ ಚಲೋ. ಕಿವಿ ಮಂದ.” ಅಡ್ಡ ಗೆರೆ.

ಕಂಪನಿ ಹೋಯಿತು, ನಾವು ಗದಗಿನಲ್ಲಿ ಉಳಿದೆವು. ನಾನು ಪರೀಕ್ಷೆ ಬರೆದು ನಾಲ್ಕನೆಯದಕ್ಕೆ ಹೋದೆ. ಅದೂ ಬಹಳ ದಿನ ನಡೆಯಲಿಲ್ಲ. ಅಪ್ಪನಿಗೆ ಬೇರೆ ಕೆಲಸ ಹತ್ತಲಿಲ್ಲ, ಅರ್ಧ ವರ್ಷದಲ್ಲಿ ನನ್ನನ್ನು ಶಾಲೆ ಬಿಡಿಸಿ ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸಿದ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಕಲಿತದ್ದೇ ನನ್ನ ಉಳಿದ ವಿದ್ಯೆ. ಹೀಗೆ, ಅಕ್ಕನ ಸ್ಟೂಲನ್ನು ಕೊಟ್ಟು ನಾನು ಕೊಂಡದ್ದು ಅರ್ಧ ಇಯತ್ತೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ‘ಕಿವಿ ಮಂದ’ ಅನ್ನುವ ಮಾತು ಅಕ್ಕನಿಗೆ ಅಂಟಿಕೊಂಡಿತು, ರೆಪ್ಪೆಗೆ ಕಣಕ ಅಂಟಿದ ಹಾಗೆ. ಓಣಿಯವರು ಅವಳ ಹತ್ತಿರ ಜೋರಾಗಿ ಮಾತಾಡತೊಡಗಿದರು. ಮುಂದೆ ಹುಬ್ಬಳ್ಳಿಯ ಗಿರಣಿಯವರ ಮನೆಯಿಂದ ಹುಡುಗಿ ನೋಡಲು ಬಂದಾಗ ಅಪ್ಪ ತಾನೇ ಮುಂದಾಗಿ, “ಸ್ವಲ್ಪ ಕಿವಿ ಮಂದ, ಉಳಿದದ್ದೆಲ್ಲಾ ಚಲೋ” ಅಂದ. ಅಕ್ಕ ಇಲ್ಲ ಅನ್ನಲಿಲ್ಲ. ಇಲ್ಲ ಅಂದರೆ, ಹಾಗಾದರೆ ಅವತ್ತು ಏನಾಯಿತು ಎಂದು ಅಪ್ಪ ಕೇಳುತ್ತಿದ್ದ. ಅದಕ್ಕೆ ಉತ್ತರ ನಾನು. ಅವಳು ಆ ಮನೆಗೆ ಕಿವುಡಿಯಾಗಿಯೇ ಹೋದಳು. ಅತ್ತೆ, ನಾದಿನಿ ಅವಳೆದುರಿಗೇ ಅವಳ ಬಗ್ಗೆ ಏನೇನೋ ಆಡುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ದಿನವಲ್ಲ, ಅರವತ್ತು ವರ್ಷ.

ಮೊನ್ನೆ ಶನಿವಾರ, ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನ ಅಡುಗೆಮನೆಯಲ್ಲಿ, ನಿಮ್ಮ ಅಮ್ಮ ಚಪಾತಿಗೆ ಕಣಕ ಕಲೆಸುತ್ತಿದ್ದಳು. ಆ ವಾಸನೆಗೆ ನನಗೆ ಗದಗಿನ ಆ ಬೆಳಿಗ್ಗೆ ನೆನಪಾಯಿತು. ಟೇಬಲ್ಲಿನ ಮೇಲೆ ಫೋನು ಇತ್ತು, ಎಂದಿನಂತೆ ಅಕ್ಕನ ಮುಖ ಕಾಣದೆ ಅವಳ ಮನೆಯ ಫ್ಯಾನು ಮಾತ್ರ ತಿರುಗುತ್ತಿತ್ತು. ನೀವಿಬ್ಬರೂ “ಅಜ್ಜೀ, ಊಟ ಆಯ್ತಾ?” ಎಂದು ಕೂಗಿ ಹಿಂದಕ್ಕೆ ಸರಿದಿರಿ. ನಾನು ಕುರ್ಚಿಯಿಂದ ಏಳಲಿಲ್ಲ. ಅಲ್ಲಿಂದಲೇ, ಹತ್ತಿರದವರಿಗಷ್ಟೇ ಕೇಳುವಷ್ಟು ಮೆಲ್ಲಗೆ, “ಅಕ್ಕಾ, ಹೇಳು,” ಅಂದೆ.

ಫ್ಯಾನು ತಿರುಗುತ್ತಿತ್ತು. ಆಮೇಲೆ ಅವಳ ದನಿ ಬಂತು. “ಕೈ ಖಾಲಿ ಐತಿ.”

“ಅವತ್ತ ನಿನಗ ಗೊತ್ತಿತ್ತ?”

“ಗೊತ್ತಾತು. ‘ಲಗೂ ಹೇಳು’ ಅನ್ನಾವ ಅಷ್ಟು ಸಾವಕಾಶ ಅಂತಾನೇನು?”

“ಮತ್ತ್ಯಾಕ ಉಂಗುರ ಅಂದಿ?”

“ನೀ ಹೇಳಿದ್ದು ಅದನ್ನ ಅಲ್ಲೇನು, ತಮ್ಮಾ?” ಅಂದಳು. ನಾನು ಏನಾದರೂ ಹೇಳುವ ಮೊದಲೇ, “ಸೊಸಿ ಬಂದ್ಲು. ಜೋರಾಗಿ ಮಾತಾಡು,” ಅಂದಳು.

ಆಗ ನೀನು, ಮೊಮ್ಮಗಳೇ, ಕಣ್ಣು ಅಗಲಿಸಿ ನನ್ನನ್ನು ನೋಡಿದೆ. “ಅಜ್ಜಾ, ವೇಟ್. ಶೀ ಹರ್ಡ್ ದಟ್?” ಅಂದೆ. ನಾನು ಉತ್ತರ ಕೊಡಲಿಲ್ಲ. ಇದೇ ಉತ್ತರ.

ಹೋದ ತಿಂಗಳು ನಿಮ್ಮ ಕನ್ನಡ ಶಾಲೆಯ ಕಾರ್ಯಕ್ರಮಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದಿರಿ. ತಣ್ಣನೆಯ ಸಭಾಂಗಣ, ಮೆತ್ತನೆಯ ಕುರ್ಚಿ, ಯಾವಾಗ ಬೇಕಾದರೂ ತೆರೆಯುವ ಬಾಗಿಲುಗಳು. ನಿನ್ನ ತಮ್ಮ ಹಾಡು ಮರೆತು ನಿಂತಾಗ ಎಲ್ಲರೂ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು, ನೀನು ಪಕ್ಕದಿಂದ ಮುಂದಿನ ಸಾಲು ಹೇಳಿಕೊಟ್ಟೆ. ಕೊನೆಗೆ ಎಲ್ಲರ ಕೊರಳಿಗೂ ಒಂದೊಂದು ಪದಕ. ಯಾರ ಕೈಯಲ್ಲೂ ಪೆನ್ಸಿಲಿರಲಿಲ್ಲ. ಅಂಥ ಸಭೆ ನಿಮಗೆ ಸಿಕ್ಕಿದೆಯಲ್ಲ ಎಂದು ಸಂತೋಷವಾಯಿತು, ಆದರೂ ಅಲ್ಲಿ ಕೂರಲಾಗಲಿಲ್ಲ. ಪಾರ್ಕಿಂಗಿಗೆ ಬಂದು ಕಾರಿನ ಹತ್ತಿರ ನಿಂತಿದ್ದೆ.

ಇನ್ನೊಂದು ಸುಳ್ಳೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಮುದ್ರದ ಎದುರು ಕಾರು ನಿಲ್ಲಿಸಿದಾಗಲೆಲ್ಲ ನಾನು ಮೊಣಕಾಲು ನೋವು ಎಂದು ಇಳಿಯುವುದಿಲ್ಲ. ಮೊಣಕಾಲು ಚೆನ್ನಾಗಿದೆ. ಅಕ್ಕ ಇವತ್ತಿಗೂ ಸಮುದ್ರ ನೋಡಿಲ್ಲ.

ಬರುವ ಶನಿವಾರ ನಿಮ್ಮ ಅಪ್ಪನಿಗೆ ಹೇಳಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನಾನು ಕಾರಿನಿಂದ ಇಳಿಯುತ್ತೇನೆ. ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ, ನೀರಿನ ಬಣ್ಣ ಏನು, ಅಲೆ ಎಷ್ಟು ದೊಡ್ಡದು, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೀವು ಪಕ್ಕದಲ್ಲಿ ನಿಂತು ಕೂಗಬೇಡಿ. ಮೆಲ್ಲಗೆ ಮಾತಾಡಿ. ಅವಳಿಗೆ ಕೇಳಿಸುತ್ತದೆ.