ಎಡತಾಳಿನ ಎರಡು ಬೆರಳು

ಎಂಬತ್ತರ ದಶಕದ ಕೊನೆಗೆ ನಮ್ಮ ಕಾರ್ಖಾನೆಗೆ ನಕ್ಷೆ ಬರೆಯುವ ಕಂಪ್ಯೂಟರ್ ಬಂತು. ನಾನಿನ್ನೂ ಅದನ್ನು ಕಲಿಯುತ್ತಿದ್ದೆ. ಮೊದಲ ಕೆಲಸವೆಂದು ಮಾಲಕರು ಬೀಜ ಬಿತ್ತುವ ಕಬ್ಬಿಣದ ಕೂರಿಗೆಯ ನಕ್ಷೆ ಕೇಳಿದರು. ತಿರ್ಲಾಪುರದ ಬಡಿಗ ಮೌನಪ್ಪನವರು ಮಾಡಿದ, ನೆಲ ಸೀಳುವ ಮೂರು ತಾಳಿನ ಮರದ ಕೂರಿಗೆಯನ್ನು ಅಳೆದುಕೊಂಡು ಬಂದೆ.

ಅರ್ಧ ಬರೆದು 'ಮಿರರ್' ಎಂದು ಒತ್ತಿದರೆ ಉಳಿದರ್ಧ ತಾನೇ ಮೂಡುತ್ತದೆಂದು ಪುಸ್ತಕದಲ್ಲಿತ್ತು. ಆದರೆ ಇದರ ಎಡತಾಳು ಬಲತಾಳಿಗಿಂತ ಎರಡು ಬೆರಳು ಒಳಗಿತ್ತು. ಹಿರಿಯರು ಕಾರಣವಿಲ್ಲದೆ ಏನೂ ಮಾಡುವುದಿಲ್ಲವೆಂದು ನಂಬಿ ಎರಡೂ ಬದಿಯನ್ನು ಬೇರೆ ಬೇರೆ ಬರೆದೆ. ಒಂದು ದಿನದ ಕೆಲಸಕ್ಕೆ ವಾರ ಹಿಡಿಯಿತು.

ನಕ್ಷೆ ಮಾಲಕರಿಗೆ ಕೊಟ್ಟು, ಒಂದು ಪ್ರತಿ ಹಿಡಿದು ಮೌನಪ್ಪನವರಲ್ಲಿಗೆ ಹೋದೆ.

"ಕಾಕಾ, ಈ ಎಡತಾಳು ಒಳಗ್ಯಾಕ ಐತ್ರಿ?"

ಅವರು ಚಾಳೀಸು ಏರಿಸಿ ನೋಡಿದರು. "ಅಲ್ಲಿ ಕಟ್ಟಿಗ್ಯಾಗ ಗಂಟಿತ್ತು. ಉಳಿ ಇಳೀಲಿಲ್ಲ, ಬಾಜೂಕ ತೂತು ಹೊಡದೆ." ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು, "ಅದನ್ನೂ ಬರದೀರೇನ್ರಿ?"

"ಬರದೇನ್ರಿ."

"ಅಗದಿ ಚಲೋ ಬಂದೈತಿ ಬಿಡ್ರಿ," ಎಂದು ಸಮಾಧಾನ ಹೇಳಿದರು.

ಮರುದಿನ ತಿದ್ದಬೇಕೆಂದು ಹೋದರೆ ಮಾಲಕರು ನಕ್ಷೆ ಹರಡಿಕೊಂಡು ಕೂತಿದ್ದರು. ಅವರೂ ಅದನ್ನೇ ಕೇಳಿದರು. ಗಂಟಿನ ಸುದ್ದಿ ಹೇಳಿದರೆ ಹಾಳಾದ ವಾರಕ್ಕೆ ಲೆಕ್ಕ ಕೊಡಬೇಕಾಗುತ್ತಿತ್ತು. "ಎಡಗಡೆ ಎತ್ತಿಗೆ ತ್ರಾಸ ಆಗಬಾರದಂತ್ರಿ," ಎಂದೆ.

"ನಮ್ಮ ಹಿರ್ಯಾರು ಸಾಮಾನ್ಯರಲ್ಲ ನೋಡು," ಎಂದು ತಲೆದೂಗಿ ಸಹಿ ಹಾಕಿದರು.

ಆ ವರ್ಷದ ಕೂರಿಗೆಗಳೆಲ್ಲ ಎಡತಾಳು ಒಳಗಿಟ್ಟುಕೊಂಡೇ ಹೊರಟವು. ಬಿತ್ತನೆ ಮುಗಿದ ಮೇಲೆ ಯರಗುಪ್ಪಿಯ ರೈತರೊಬ್ಬರು, ತಮ್ಮ ಎಡಗಡೆಯ ಎತ್ತಿಗೆ ಈಗ ಬಹಳ ಆರಾಮಾಗಿದೆ ಎಂದು ಹೇಳಿ ಕಳಿಸಿದರು.