ಆರ್ವಿಲ್ ಕಾರ್ಕಮ್‌ನ ಅಂಟಿನ ಸಂಶೋಧನೆ

ಆರ್ವಿಲ್ ಕಾರ್ಕಮ್ ನಮ್ಮ ಕಡಲತಡಿಯ ಊರು ಸ್ಪ್ಲಿಟ್ ಕೋವ್‌ನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿ ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ಒಂದು ಲಕೋಟೆಯೂ ತಪ್ಪು ಗೂಡಿಗೆ ಬಿದ್ದಿಲ್ಲವೆಂದು ಅವನೇ ಹೇಳುತ್ತಿದ್ದ. ಎದುರು ಮನೆಯ ನನ್ನ ಕಾಗದಗಳು ಊರೆಲ್ಲ ಸುತ್ತಿ ಬರುತ್ತಿದ್ದುದು ಬಹುಶಃ ಕಡಲ ಗಾಳಿಯ ತಪ್ಪಿರಬೇಕು.

ನಿವೃತ್ತಿಯಾದ ಮರುವಾರವೇ ಗ್ಯಾರೇಜಿನಲ್ಲಿ ಹನ್ನೆರಡು ಅಡಿಯ ದೋಣಿ ಕಟ್ಟುತ್ತೇನೆಂದು ಸಾರಿದ. ನಕ್ಷೆ ತರಿಸಿದ, ಪ್ಲೈವುಡ್ ತರಿಸಿದ, ಎಲ್ಲವನ್ನೂ ಅಳತೆಗೆ ಕೊಯ್ದು ಗೋಡೆಗೆ ಒರಗಿಸಿಟ್ಟ. ಅದಕ್ಕೆ ಹಿಡಿದದ್ದು ಮೂರು ವಾರ. ಆಮೇಲೆ ಯಾವ ಅಂಟು ಹಾಕಬೇಕೆಂದು ಯೋಚಿಸಲು ಕುಳಿತ. ಅದಕ್ಕೆ ಹಿಡಿದದ್ದು ಮೂರು ವರ್ಷ.

ಮೊದಲ ಚಳಿಗಾಲ ಬಡಗಿಗಳು ಬಳಸುವ ಹಳದಿ ಅಂಟಿನ ಪಾಲಾಯಿತು. ಸದಾ ನೀರಲ್ಲಿರುವ ವಸ್ತುವಿಗೆ ಇದು ಬೇಡ ಎಂದು ಡಬ್ಬಿಯ ಮೇಲೇ ಬರೆದಿತ್ತು. ಡಬ್ಬಿಯ ಮಾತು ನಂಬುವ ಜಾಯಮಾನ ಅವನದಲ್ಲ. ಎರಡು ತುಂಡು ಅಂಟಿಸಿ, ಹೆಂಡತಿ ಮರ್ನಾ ಲಾಬ್‌ಸ್ಟರ್ ಬೇಯಿಸುವ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸಿದ. ತುಂಡುಗಳು ಬಿಟ್ಟುಕೊಂಡವು. ಆ ಭಾನುವಾರ ಅದೇ ಪಾತ್ರೆಯಲ್ಲಿ ಬೆಂದದ್ದನ್ನು ತಿಂದ ನೆಂಟರು ಈಗಲೂ ಅವರ ಮನೆಯಲ್ಲಿ ಬರೀ ಟೀ ಕುಡಿದು ಎದ್ದು ಬರುತ್ತಾರೆ.

ಎರಡನೆಯ ವರ್ಷ ನೊರೆಯುಕ್ಕುವ ಅಂಟು ಬಂತು. ಅದು ಉಬ್ಬಿ ಸಂದು ತುಂಬಿತು, ಆದರೆ ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಅವನ ಉಣ್ಣೆ ಟೋಪಿಯನ್ನು ಮಾತ್ರ ಮೇಜಿಗೆ ಶಾಶ್ವತವಾಗಿ ಹಿಡಿದುಕೊಂಡಿತು. ಹಳೆಯ ಕಾಲದ ದೋಣಿ ಕಟ್ಟುವವರು ನಂಬಿದ್ದ ಕಂದುಗೆಂಪು ಅಂಟನ್ನೂ ನೋಡಿದ. ಅದಕ್ಕೆ ಬೆಚ್ಚಗಿನ ಜಾಗ ಬೇಕು, ಹಲಗೆಗಳ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು. ಆರ್ವಿಲ್‌ನ ಸಂದುಗಳಲ್ಲಿ ಅಂಚೆ ಕಾರ್ಡು ತೂರಿಸಬಹುದಿತ್ತು. ಹಾಗಾಗಿ ಅಂಟೇ ಸರಿಯಿಲ್ಲ ಎಂದು ತೀರ್ಪಾಯಿತು.

ಬಂದರಿನಲ್ಲಿ ಎಂಬತ್ತನಾಲ್ಕರ ಸೈರಸ್ ಅವನನ್ನು ಹಿಡಿದ. ನಲವತ್ತು ದೋಣಿ ಕಟ್ಟಿದ ಮುದುಕ. ಅರವತ್ತೆರಡರ ಆರ್ವಿಲ್ ಅವನಿಗೆ ಇನ್ನೂ ಹುಡುಗನೇ.

"ಏನೋ ಹುಡುಗಾ, ದೋಣಿ ಎಲ್ಲಿಗೆ ಬಂತು?"

"ಪರೀಕ್ಷೆ ನಡೀತಾ ಇದೆ ಸೈರಸ್ ಮಾವ. ಈ ಸಲ ಎಪಾಕ್ಸಿ."

"ಹಾಕು ಮತ್ತೆ. ನಾನು ಸಾಯೋದ್ರೊಳಗೆ ನೋಡ್ಬೇಕು ಅಂತಿದೀನಿ. ಅಂಟುಗಳ ಪಟ್ಟಿ ಅಲ್ಲ ಕಣೋ, ದೋಣಿ!"

ಎಪಾಕ್ಸಿ ಸರಿಯಾದ ಆಯ್ಕೆಯೇ. ಸಂದು ತುಂಬುತ್ತದೆ, ನೀರಿಗೆ ಜಗ್ಗುವುದಿಲ್ಲ, ಕುದಿಸಿದರೂ ಬಿಡಲಿಲ್ಲ. ಎರಡು ಪಾಲು ಅಂಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು ಪಾಲು, ಸ್ವಲ್ಪ ಸ್ವಲ್ಪವೇ ಕಲಸಬೇಕು. ಆರ್ವಿಲ್ ಒಂದು ಬಕೆಟ್ ಕಲಸಿ, ಮುಂದೇನೆಂದು ಪುಸ್ತಕ ತೆರೆದು ಓದುತ್ತ ಕುಳಿತ. ಬಕೆಟ್ ಬಿಸಿಯೇರಿ ಹೊಗೆಯಾಡಿತು. ಮರ್ನಾ ಅದನ್ನು ಹಿಮದೊಳಗೆ ಎಸೆದಳು. ಆರ್ವಿಲ್ ಕೈಗವಸಿಲ್ಲದ ಕೈಯಲ್ಲಿ ಅಂಟು ಒರೆಸಿ, "ಶಾಖ ಚೆನ್ನಾಗಿ ಹುಟ್ಟುತ್ತೆ" ಎಂದು ಬರೆದುಕೊಂಡ.

ಕೈಗವಸಿನ ಮೇಲೆ ಅವನಿಗೇಕೋ ವಿಶ್ವಾಸವಿರಲಿಲ್ಲ. ಒಂದು ತಿಂಗಳಲ್ಲಿ ಮೈಯೆಲ್ಲ ತುರಿಕೆ ಎದ್ದು, ರೆಪ್ಪೆಗಳು ಊದಿ, ಕಣ್ಣುಗಳು ಗೀರಿನಷ್ಟಾದವು. ಡಾಕ್ಟರಮ್ಮ ನೋಡಿ, ನಿಮ್ಮ ಮೈಗೆ ಇದು ಇನ್ನು ಜನ್ಮದಲ್ಲಿ ಆಗಿಬರುವುದಿಲ್ಲ, ಡಬ್ಬಿಯ ಹತ್ತಿರವೂ ಸುಳಿಯಬೇಡಿ ಎಂದರು. ಮೂರು ವರ್ಷ ಹುಡುಕಿ ಆರಿಸಿದ ಅಂಟು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಒಗ್ಗುವಂಥದ್ದಾಗಿತ್ತು.

ಅಂದು ಅವನು ಗ್ಯಾರೇಜಿನ ಬಾಗಿಲು ಹಾಕಿ, ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಾನು ಬ್ರೆಡ್ ಕೊಡಲು ಹೋದವಳು ಏನಾದರೂ ಚುಚ್ಚೋಣವೆಂದು ಬಾಯಿ ತೆರೆದೆ. ಅವನ ಮುಖ ನೋಡಿ ಬ್ರೆಡ್ಡನ್ನಷ್ಟೇ ಪಕ್ಕದಲ್ಲಿಟ್ಟೆ.

ಮರ್ನಾ ಮಾತ್ರ ಒಳಗಿಂದ ಕೈಗವಸು ಹಾಕಿಕೊಂಡೇ ಬಂದಳು. ಇಪ್ಪತ್ತೆಂಟು ವರ್ಷ ಊರ ಹೆಂಗಸರ ತಲೆಗೆ ಬಣ್ಣ ಹಚ್ಚಿದವಳು. ಎರಡು ಬಾಟಲಿ, ಸಣ್ಣ ಬಟ್ಟಲು, ಬ್ರಷ್, ಗಡಿಯಾರ: ಅವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ಚಳಿ ಹೋಗಲೆಂದು ಜೂನ್‌ವರೆಗೆ ಕಾದಳು. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಮುಖಕ್ಕೆ ಮಾಸ್ಕ್ ಕಟ್ಟಿ ಕೆಲಸ ಶುರುಮಾಡಿದಳು. ಆರ್ವಿಲ್ ರಸ್ತೆಯಾಚೆ, ನಮ್ಮ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಕೂಗುತ್ತಿದ್ದ.

"ಮರ್ನಾ! ಅಂಟು ಮಂದ ಮಾಡೋ ಪುಡಿ ಇನ್ನೂ ಹಾಕು! ಪೀನಟ್ ಬಟರ್ ಹದಕ್ಕೆ ಬರ್ಬೇಕು!"

"ಬಂದಿದೆ ಮಾರಾಯ!"

"ಹಲಗೆ ಒತ್ತಿ ಹಿಡಿಯೋ ಕ್ಲ್ಯಾಂಪ್ ತೀರಾ ಬಿಗಿ ಮಾಡ್ಬೇಡ, ಅಂಟೆಲ್ಲ ಆಚೆ ಬರುತ್ತೆ!"

"ನೀನು ಸುಮ್ನೆ ಕೂತ್ಕೊಂಡ್ರೆ ಸಾಕು, ದೋಣಿ ತಾನಾಗೇ ಅಂಟ್ಕೊಳ್ಳುತ್ತೆ!"

ಒಂಬತ್ತು ದಿನದಲ್ಲಿ ದೋಣಿ ಒಂದಾಯಿತು. ಗುಟ್ಟೊಂದು ಹೇಳಬೇಕು: ಕ್ಲ್ಯಾಂಪಿನ ಮಾತು ಅವನು ಹೇಳಿದ್ದೇ ಸರಿಯಾಗಿತ್ತು. ಅವಳು ಹಾಗೇ ಮಾಡಿದಳು ಕೂಡ, ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಆಗಸ್ಟಿನಲ್ಲಿ ಅದನ್ನು ನೀರಿಗಿಳಿಸಿದೆವು. ಸೈರಸ್ ಕೋಲೂರಿಕೊಂಡು ಬಂದು ಸಂದುಗಳ ಮೇಲೆ ಉಗುರು ಆಡಿಸಿ, "ಯಾರು ಅಂಟಿಸಿದ್ದು?" ಎಂದ. ಮರ್ನಾ ಎಂದೆ. "ಅದಕ್ಕೇ ನೆಟ್ಟಗಿದೆ" ಎಂದ.

ಮರ್ನಾ ಹುಟ್ಟು ಹಾಕಿದಳು. ಆರ್ವಿಲ್ ಹಿಂದಿನ ಹಲಗೆಯಲ್ಲಿ ಕುಳಿತು, ಅಂಟು ಪೂರ್ತಿ ಒಣಗಿದ್ದ ದೋಣಿಯ ತಳವನ್ನು ಅಂಗೈಯಲ್ಲಿ ಸವರಿ ಸವರಿ ನೋಡುತ್ತಿದ್ದ. ತೇವದ ಪಸೆಯೂ ಇರಲಿಲ್ಲ.

"ಚೆನ್ನಾಗಿ ಅಂಟಿಸಿದೀಯ ಕಣೇ," ಎಂದ.

"ಒಂಚೂರು ಉಳಿದಿದೆ. ನಿನ್ನ ಬಾಯಿಗೆ ಅಂತ ಎತ್ತಿಟ್ಟಿದೀನಿ," ಎಂದಳು.

ಈಗ ಮರ್ನಾಳ ಗ್ಯಾರೇಜಿನಲ್ಲಿ ಬೇರೆಯವರ ಎರಡು ದೋಣಿಗಳು ಅಂಟಿಗೆ ಕಾಯುತ್ತಿವೆ. ಎರಡೂ ಗಂಡಸರು ಶುರುಮಾಡಿದವೇ. ಆರ್ವಿಲ್ ಬೇಲಿಯ ಬಳಿಯ ಕುರ್ಚಿಗೆ ಮೆತ್ತೆ ಹೊಲಿಸಿಕೊಂಡಿದ್ದಾನೆ.