ಹಗುರ ಸುತ್ತಿಗೆ

ಬೀಸುವ ಕಲ್ಲು ನುಣುಪಾದರೆ ಜೋಳ ಹಿಟ್ಟಾಗುವುದಿಲ್ಲ, ನುಚ್ಚಾಗಿ ಬೀಳುತ್ತದೆ. ಕೊಪ್ಪಳದ ನಮ್ಮ ಓಣಿಯಲ್ಲಿ ಕಲ್ಲಿಗೆ ಮತ್ತೆ ಕಕ್ಕು ಹಾಕಿಕೊಡುತ್ತಿದ್ದವಳು ಒಬ್ಬ ವಯಸ್ಸಾದ ಹೆಂಗಸು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತ, ಕಲ್ಲಿನ ಮೈತುಂಬ ಸಣ್ಣ ಕುಳಿಗಳನ್ನು ಮೂಡಿಸುವ ಕೆಲಸ ಅದು. ಆಕೆಗೆ ಗಂಡನಿಲ್ಲ, ಮಕ್ಕಳಿಲ್ಲ. ಓಣಿಯ ಕಲ್ಲುಗಳೇ ಅವಳ ಅನ್ನ. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು.

ನಾನು ಆಗ ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಬೇಸಿಗೆ ರಜೆಗೆ ಬಂದಾಗ ಆಯಿಯ ಬಲ ಮಣಿಕಟ್ಟು ಊದಿತ್ತು. ಅವಳ ಸುತ್ತಿಗೆಯೂ ಸೀಳಿತ್ತು. ಹೊಸದೊಂದು ಕೊಡಿಸಿಕೊಂಡು ಬಾ ಎಂದು ಅವ್ವ ನನ್ನನ್ನು ಅವಳ ಜೊತೆ ಕಂಬಾರನಲ್ಲಿಗೆ ಕಳಿಸಿದಳು.

ಕಂಬಾರ ನಾಲ್ಕು ಸುತ್ತಿಗೆ ತಂದಿಟ್ಟ. ಆಯಿ ಒಂದೊಂದನ್ನೂ ಎತ್ತಿ ಕಲ್ಲಿನ ಮೇಲೆ ಬೀಳಬಿಟ್ಟಳು. ಹೊಡೆಯಲಿಲ್ಲ, ಅದರ ಪಾಡಿಗೆ ಬೀಳಬಿಟ್ಟಳು. ಕೊನೆಗೆ ಎಲ್ಲಕ್ಕಿಂತ ಭಾರವಾದದ್ದನ್ನು ಹಿಡಿದುಕೊಂಡಳು.

"ಅದು ಬ್ಯಾಡ ಆಯಿ," ಎಂದೆ. "ಕೈ ಹೆಂಗ ಬಾತೈತಿ ನೋಡು. ಹಗುರಾದ್ದು ತಗೋ. ನಾಕ ಏಟು ಹೆಚ್ಚಿಗಿ ಹೊಡದ್ರ ಆತು."

"ಭಾರಾದ್ದು ತಾನ ಇಳೀತೈತಿ ತಂಗಿ. ಹಗುರಾದ್ದನ್ನ ನಾವು ಇಳಸಬೇಕು."

ಕಂಬಾರ ನಕ್ಕ. "ಏ ಮುದುಕಿ, ಅಕ್ಕಾರು ಹೈದರಾಬಾದಿನಾಗ ಕಲ್ತು ಬಂದಾರ. ನೀ ಯಾವ ಸಾಲಿ ಕಲ್ತಿ?"

"ನಿನ್ನ ಮನಿ ಕಲ್ಲ ನನ್ನ ಸಾಲಿ. ಕೈ ಬಾತದ್ದೂ ಅದಕ್ಕ."

ನಾನು ಬಿಡಲಿಲ್ಲ. ತೂಕ, ವೇಗ ಎಂದು ಏನೇನೋ ವಿವರಿಸಿದೆ. ಅವಳು ಭಾರವಾದದ್ದನ್ನು ಕೆಳಗಿಟ್ಟಳು. ಕೊಡಿಸುವವರು ನಾವು ಎಂಬುದನ್ನು ಅವಳು ಮರೆತಿರಲಿಲ್ಲ, ನಾನು ಮರೆತಿದ್ದೆ. "ಆತು, ನೀ ಅಂದಂಗ ಆಗ್ಲಿ" ಎಂದು ಹಗುರವಾದದ್ದನ್ನೇ ಸೆರಗಿನಲ್ಲಿ ಸುತ್ತಿಕೊಂಡಳು.

ನಮ್ಮ ಕಡೆಯ ಕಲ್ಲು ಬಲು ಬಿರುಸು. ಆ ಸುತ್ತಿಗೆಯ ಏಟಿಗೆ ಉಳಿ ಒಳಗಿಳಿಯಲಿಲ್ಲ. ಇಳಿಸಲು ಅವಳು ಊದಿದ ಕೈಯನ್ನೇ ಇನ್ನಷ್ಟು ಜೋರಾಗಿ ಬೀಸಬೇಕಾಯಿತು. ಹಾಕಿದ ಕಕ್ಕು ತಿಂಗಳು ತುಂಬುವುದರೊಳಗೆ ಸವೆಯುತ್ತಿತ್ತು. ಒಂದೊಂದೇ ಮನೆಯವರು ಅವಳನ್ನು ಬಿಟ್ಟು, ಕುಷ್ಟಗಿ ಕಡೆಯಿಂದ ಬರುತ್ತಿದ್ದ ಒಬ್ಬನನ್ನು ಕರೆಯತೊಡಗಿದರು. ದೀಪಾವಳಿಗೆ ಊರಿಗೆ ಬಂದಾಗ ಇದನ್ನೆಲ್ಲ ಅವ್ವ ಹೇಳಿದಳು.

"ನಾವು?" ಎಂದು ಕೇಳಿದೆ.

"ನಾವೂ ಅವನ್ನ ಕರಸೀವಿ. ನುಚ್ಚಿನಾಗ ರೊಟ್ಟಿ ಹೆಂಗ ಬಡೀಲಿ? ಅಷ್ಟು ವರ್ಷ ಕೆಲಸಾ ಮಾಡಿದಾಕಿ, ಅಂಥಾ ಸುತ್ತಗಿ ಯಾಕ ಆರಿಸಿದಳೋ."

ಆರಿಸಿದ್ದು ನಾನೆಂದು ಆಯಿ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಬಂದಳು. ನನ್ನನ್ನು ನೋಡಿ ಹೋಗಲು ಬಂದೆ ಎಂದಳು, ಆದರೆ ಉಳಿಯ ಚೀಲ ಹೆಗಲಲ್ಲಿತ್ತು. ತೊಳೆದ ಬೀಸುವ ಕಲ್ಲು ಪಡಸಾಲೆಯಲ್ಲಿ ಒಣಗುತ್ತಿತ್ತು. ಆಯಿ ಅದರ ಮುಂದೆ ಕುಳಿತು ಅಂಗೈ ಆಡಿಸಿದಳು. ಕೈ ಮಧ್ಯದಲ್ಲಿ ಒಮ್ಮೆ ನಿಂತು, ಮತ್ತೆ ಅಂಚಿನವರೆಗೂ ಹೋಯಿತು.

"ಕಕ್ಕು ಛಲೋ ಬಿದ್ದಾವ," ಎಂದಳು.

ಅವ್ವ ಒಳಗೆ ಹೋಗಿ ಎರಡು ರೊಟ್ಟಿ ತಂದು ಕೊಟ್ಟಳು. ಆಯಿ ಅವನ್ನು ಮಡಚಿ ಚೀಲದಲ್ಲಿ, ಉಳಿಗಳ ಮೇಲೆ, ಇಟ್ಟುಕೊಂಡಳು.

"ಪರೀಕ್ಷಾ ಪಾಸಾತೇನು ತಂಗಿ?"

"ಆತು," ಎಂದೆ.

ಅವಳು ಎದ್ದು ಹೊರಟಳು. ಮೊದಲೆಲ್ಲ ಬಾಗಿಲು ಬಾಗಿಲಿಗೂ ನಿಂತು ಕೂಗುತ್ತಿದ್ದವಳು, ಅಂದು ಎಲ್ಲಿಯೂ ನಿಲ್ಲದೆ ಓಣಿ ದಾಟಿದಳು.